ಎಳಿ ಎಣಿಸೋ ಕ್ಲಾಸು: ಟಿಳಕವಾಡಿ ಕಡೆ ಕಸೂತಿ ಕಲಿಯಾಕ ಹೋದವನ ರಿವ್ಯೂ

ಮೊದ್ಲ ಹೇಳಿಬಿಡ್ತೀನಿ, ಕ್ಲಾಸಿನ ಹೆಸರು ಹಾಕಂಗಿಲ್ಲ. ಕಲಿಸೋ ಅಕ್ಕೋರನ್ನ ಕೇಳೇನ ಬರ್ಯಾಕತ್ತೀನಿ, ಅವ್ರು "ಬರಿ ತಮ್ಮಾ, ಬೈದರೂ ನಡೀತೈತಿ, ಖರೆ ನನ್ನ ಹೆಸರು ನಂಬರು ಹಾಕಬ್ಯಾಡ, ಮಂದಿ ಫೋನ್ ಹಚ್ಚಿ ಬ್ಲೌಸ್ ಹೊಲೀತೀರೇನ್ರಿ ಅಂತ ಕೇಳ್ತಾರ" ಅಂದ್ರು. ಹಂಗಾಗಿ ಇಷ್ಟ: ಬೆಳಗಾವಿ, ಟಿಳಕವಾಡಿ, ಹಳೇ ಹಂಚಿನ ಮನಿ, ಮ್ಯಾಲಿನ ಖೋಲಿ, ಹದಿನಾರು ಮೆಟ್ಲ. ಹದಿನೈದನೇ ಮೆಟ್ಲ ಉಳಿದವಕ್ಕಿಂತ ಗಿಡ್ಡ ಐತಿ, ಎಡವತೀರಿ. ನಾ ಈಗ ಎಡವಂಗಿಲ್ಲ, ಎಣಿಸಿಕೋತ ಹತ್ತತೀನಿ.

ನನ್ನ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಂದ್ರ ಮುಂದಿಂದು ಅರ್ಥ ಆಗಂಗಿಲ್ಲ. ವಯಸ್ಸು 29, ಮನಿ ವಡಗಾವಿ, ಒಂದು ಹಾರ್ಡ್‌ವೇರ್ ಅಂಗಡ್ಯಾಗ ಬಿಲ್ ಬರೀತೀನಿ, ನಂಗ ಆಟಿಸಂ ಐತಿ. ಸಾಲ್ಯಾಗ ನನಗ ಹುಂಬ ಅಂತಿದ್ರು, ಕಾಲೇಜಿನಾಗ ಸೊಕ್ಕಿನವ ಅಂದ್ರು, ಮನ್ಯಾಗ ಅವ್ವ ಮಾತ್ರ "ನನ್ನ ಮಗ ಸ್ವಲ್ಪ ಬ್ಯಾರೆ" ಅಂತ ಹೇಳಿ ಮಾತ ಬದ್ಲಿಸ್ತಿದ್ಲು. 26ನೇ ವಯಸ್ಸಿಗೆ ಧಾರವಾಡಕ್ಕ ಹೋಗಿ ತೋರಿಸಿದಾಗ ಡಾಕ್ಟರು ನನ್ನಕಿಂತ ಅವ್ವನ್ನ ಭಾಳ ಹೊತ್ತು ಕೇಳಿದ್ರು, ಸಣ್ಣವ ಇದ್ದಾಗ ಹೆಂಗ ಆಡ್ತಿದ್ದ ಅಂತ. ಅಪ್ಪ ಮಗ್ಗದ ಕೆಲಸಕ್ಕ ಹೋಗ್ತಿದ್ರು, ನಾ ಆ ಕಂಡಿಕಿ (ನೂಲು ಸುತ್ತಿದ ಕಡ್ಡಿ) ಎಲ್ಲಾ ತಂದು ಬಣ್ಣದ ಪ್ರಕಾರ ಸಾಲಾಗಿ ನಿಲ್ಲಿಸ್ತಿದ್ನಿ, ಯಾರರ ಒಂದ ಸರಿಸಿದ್ರ ಮಧ್ಯಾಹ್ನತಕ ಅಳ್ತಿದ್ನಿ, ಅವ್ವ ಅದನ್ನ ಹೇಳಿದ್ಲು, ಡಾಕ್ಟರು ಬರ್ಕೊಂಡ್ರು. ಸಾಲಿ ಮಾಸ್ತರಿಗೆ ಯಾಕ ಗೊತ್ತಾಗ್ಲಿಲ್ಲ ಅಂತ ಈಗ ಸಿಟ್ಟಿಲ್ಲ. ನಾ ಸಾಲಿಗೆ ಹೋಗುವಾಗ ಇದ್ದಿದ್ದು 1995ರ ಕಾಯ್ದೆ, ಅದ್ರಾಗ ಅಂಗವೈಕಲ್ಯ ಅಂದ್ರ 7 ಥರ, ಆಟಿಸಂ ಅನ್ನೋ ಹೆಸರ ಇದ್ದಿಲ್ಲ. 2016ರ ಕಾಯ್ದೆ ಬಂದ ಮ್ಯಾಲ 21 ಆದ್ವು, ಆಟಿಸಂ ಅದ್ರಾಗ ಬಂತು. ಅಷ್ಟೊತ್ತಿಗೆ ನಾ ಸಾಲಿ ಬಿಟ್ಟು ಎಷ್ಟೋ ವರ್ಷ ಆಗಿತ್ತು. (ಕ್ಲಾಸಿನಾಗ ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಕಾರ್ಡ್, ತೋರಿಸಿದ್ರ ಡಿಸ್ಕೌಂಟ್ ಐತೇನು ಅಂತ ನಮ್ಮ ಅವ್ವ ಕೇಳಿದ್ಲು. ಇಲ್ಲ.)

ಇದಕ್ಕಿಂತ ಮೊದ್ಲ ಬ್ಯಾರೆ ಒಂದು ಕಡೆ ಹೋಗಿದ್ನಿ, ಆರ್ಟ್ ಥೆರಪಿ ಅಂತ ಬೋರ್ಡ್ ಇತ್ತು, ಎಲ್ಲಿ ಅಂತ ಹೇಳಂಗಿಲ್ಲ. ಅಲ್ಲಿ ಆರು ವರ್ಷದ ಹುಡುಗರ ಜೋಡಿ ನನ್ನ ಕುಂದ್ರಿಸಿ, ಒಂದು ನವಿಲಿನ ಚಿತ್ರ ಕೊಟ್ಟು, ಬಣ್ಣ ತುಂಬು ಅಂದ್ರು. ತುಂಬಿದ್ನಿ. ಚಪ್ಪಾಳಿ ಹೊಡೆದ್ರು, ಗುಡ್ ಬಾಯ್ ಅಂದ್ರು. ನಂಗ ಆವಾಗ 27, ಗಡ್ಡ ಬಿಟ್ಟಿದ್ನಿ. ಮುಂದಿನ ವಾರ ಮತ್ತ ನವಿಲು. ನಾಕು ವಾರದಾಗ ನಾಕು ನವಿಲು ಮಾಡಿ ಬಿಟ್ಟುಬಿಟ್ಟೆ. ನವಿಲಿನ ಮ್ಯಾಲ ಸಿಟ್ಟಿಲ್ಲ, ಕಸೂತ್ಯಾಗ ಈಗೂ ನವಿಲು ಹಾಕ್ತೀನಿ, ಖರೆ ಆ ಚಪ್ಪಾಳಿ ಸದ್ದು ಇನ್ನೂ ಕಿವ್ಯಾಗ ಐತಿ.

ಈ ಕ್ಲಾಸಿಗೆ ಹೆಂಗ ಬಂದ್ನಿ ಅಂದ್ರ, ನಮ್ಮ ಓಣಿ ವೈನಿ ಒಬ್ರು ಹೋಗ್ತಿದ್ರು. ಒಂದಿನ ಅವ್ರ ಮನ್ಯಾಗ ಬಟ್ಟಿ ನೋಡಿದ್ನಿ, ತಿರುಗಿಸಿ ನೋಡಿದ್ನಿ, ಹಿಂದೂ ಮುಂದೂ ಒಂದ ನಮೂನಿ ಇತ್ತು, ಗಂಟ ಇಲ್ಲ. ಯಾವ್ದು ಮುಂದು ಅಂತ ಕೇಳಿದ್ನಿ. ಎರಡೂ ಮುಂದ ಅಂದ್ರು. ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ, ಗಂಟ ಹಾಕದ ದಾರ ಹೆಂಗ ನಿಂತೈತಿ ಅಂತ ತಲ್ಯಾಗ ಅದ.

ಕಸೂತಿ ಗೊತ್ತಿದ್ದವ್ರು ಇಲ್ಲಿಂದ ಒಂದು ಪ್ಯಾರಾ ಜಿಗೀರಿ. ಬ್ಯಾರೆ ಭಾಳಷ್ಟು ಎಂಬ್ರಾಯ್ಡರ್ಯಾಗ ಬಟ್ಟಿ ಮ್ಯಾಲ ಡಿಸೈನ್ ಛಾಪಾ ಹಾಕ್ಕೊಂಡು ಅದ್ರ ಮ್ಯಾಲ ಹೊಲೀತಾರ. ಕಸೂತ್ಯಾಗ ಪೆನ್ಸಿಲ್ ಮುಟ್ಟಂಗಿಲ್ಲ, ಬಟ್ಟಿ ಎಳಿ ಎಣಿಸಬೇಕು, ನಾಕು ಎಳಿ ಮ್ಯಾಲ, ನಾಕು ಎಳಿ ಕೆಳಗ, ಹಿಂಗ. ನಾಕು ಥರದ ಹೊಲಿಗಿ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಮುರಗಿ ಅಂದ್ರ ಮೆಟ್ಲ ಹತ್ತಿದಂಗ, ನೇಯ್ಗಿ ಅಂದ್ರ ಮಗ್ಗದಾಗ ನೇಯ್ದಂಗ ಕಾಣತೈತಿ, ಮೆಂತಿ ಅಂದ್ರ ಕತ್ತರಿ ಗುರುತಿನಂಗ ಅಡ್ಡ ಹಾಕಿ ಜಾಗ ತುಂಬೂದು. ನಂಗ ಹುಚ್ಚ ಹಿಡಿಸಿದ್ದು ಗವಂತಿ. ಅದ್ರಾಗ ಹೋಗುವಾಗ ಒಂದು ಬಿಟ್ಟು ಒಂದು ಹೊಲೀಬೇಕು, ನಡುವ ಅಡ್ಡದಾರಿ ಬಂದ್ರ ಆ ದಾರಿಗೂ ಹೋಗಿ ಬರಬೇಕು, ಆಮ್ಯಾಲ ಅದ ಹಾದಿಲೆ ವಾಪಸ್ ಬರ್ತಾ ಹೋಗುವಾಗ ಬಿಟ್ಟಿದ್ದ ಸಂದು ಎಲ್ಲಾ ತುಂಬಬೇಕು. ಎಲ್ಲಾ ಗೆರಿ ಎರಡೆರಡು ಸಲ ಓಡಾಡ್ತೀವಿ, ಹಂಗಾಗಿ ಎಲ್ಲಿಂದ ಹೊಂಟಿದ್ವಿ ಅಲ್ಲೇ ಬಂದು ಮುಟ್ಟತೀವಿ. ಗೆರಿ ಒಂದಕ್ಕೊಂದು ಕೂಡಿದ್ರ ಸಾಕು, ಎಂಥ ಸೊಟ್ಟ ಡಿಸೈನ್ ಇದ್ರೂ ಇದು ಆಗ ಆಗ್ತೈತಿ, ಲೆಕ್ಕ ಹಂಗ ಐತಿ. ಇದನ್ನ ಇರಕಲ್ ಸೀರಿ ಸೆರಗಿನ ಮ್ಯಾಲ ಹಾಕ್ತಿದ್ದ ಹೆಣ್ಮಕ್ಕಳು ಯಾವ ಗಣಿತದ ಪುಸ್ತಕ ಓದಿದ್ರು? ಜಿಐ ಟ್ಯಾಗ್ (ಇದು ಈ ಭಾಗದ್ದ ಕಸುಬು ಅನ್ನೋ ಸರ್ಕಾರದ ಗುರುತು) ಬಂದೈತಿ ಅಂತ ಎಲ್ಲಾರೂ ಹೇಳ್ತಾರ, ಈ ಲೆಕ್ಕದ ಬಗ್ಗೆ ಯಾರೂ ಹೇಳಂಗಿಲ್ಲ.

ಈಗ ಕ್ಲಾಸು. ವಾರಕ್ಕ ಎರಡ ದಿನ, ಬುಧವಾರ ಮತ್ತ ರವಿವಾರ, ಸಂಜಿ 4ರಿಂದ 6. ತಿಂಗಳಿಗೆ 900, ಬಟ್ಟಿ ದಾರ ನಿಮ್ಮದ. ಬುಧವಾರ ನಮ್ಮ ಮಾಲಕ್ರು ಬಿಡ್ತಾರ, ಯಾಕಂದ್ರ ನಾ ಮುಂಜಾನೆ ಎಲ್ಲಾರಿಗಿಂತ ಮೊದ್ಲ ಬಂದು ಸ್ಟಾಕ್ ತಪಾಸ ಮಾಡಿರ್ತೀನಿ. ಮೊದ್ಲಿಗೆ ಮ್ಯಾಟಿ ಬಟ್ಟಿ ಮ್ಯಾಲ ಕಲಿಸ್ತಾರ, ಅದ್ರ ಎಳಿ ದಪ್ಪ, ಕಣ್ಣಿಗೆ ಕಾಣತಾವ, ಸೂಜಿ ಮೊಂಡು. ಆ್ಯಂಕರ್ ದಾರದಾಗ 6 ಎಳಿ ಇರ್ತಾವಲ್ಲ, ಅದ್ರಾಗ 2 ಬಿಡಿಸಿ ತಗೊಳ್ಳೂದು. ಈ ಬಿಡಿಸೂದು ಸುಮ್ನ ಅಲ್ಲ, ಎರಡೂ ಕೂಡೇ ಎಳದ್ರ ಸಿಕ್ಕ ಬೀಳ್ತೈತಿ, ಒಂದೊಂದ ಎಳಿ ಮ್ಯಾಲಕ್ಕ ಎಳೀಬೇಕು, ಉಳಿದಿದ್ದು ಕೆಳಗ ಮುದುಡಿ ಕುಂತು ಮತ್ತ ತಾನ ನೆಟ್ಟಗ ಆಗ್ತೈತಿ. ಮೊದಲ್ನೇ ದಿನ ನಾ ಒಂದು ತಾಸು ಬರೇ ದಾರ ಬಿಡಿಸಿದ್ನಿ. ಅಕ್ಕೋರು ಏನೂ ಅನ್ಲಿಲ್ಲ. ಹೋಗುವಾಗ "ನಾಳಿಗೂ ಬೇಕಾದ್ರ ಇದ ಮಾಡು, ನಂಗ ಎಲ್ಲಾರದ್ದೂ ಬಿಡಿಸಿಟ್ಟ ದಾರ ಬೇಕಾಗ್ತಾವ" ಅಂದ್ರು. ಮರುದಿನ ಕ್ಲಾಸ್ ಇದ್ದಿಲ್ಲ, ನಾ ಹೋಗಿದ್ನಿ. ನಾಳಿ ಅಂದ್ರ ನಾಳಿ ಅಂತ ತಿಳ್ಕೊಂಡಿದ್ನಿ. ಬಾಗಲ ತೆಗದು, ನಕ್ಕು, ಚಹಾ ಕೊಟ್ಟು ಕಳಿಸಿದ್ರು. ಅವತ್ತಿಂದ ಅವ್ರು ನನ್ನ ಮುಂದ ನಾಳಿ ಅನ್ನಂಗಿಲ್ಲ, ವಾರದ ಹೆಸರು ಹೇಳ್ತಾರ.

ಮೂರು ತಿಂಗಳು ನಾ ಒಂದ ಗೋಪುರ ಹಾಕಿದ್ನಿ. ಅದ ಗೋಪುರ, ಮತ್ತ ಅದ, ಮತ್ತ ಅದ. ಉಳಿದ ಹೆಣ್ಮಕ್ಕಳು ತೇರು, ಆನಿ, ತುಳಸಿಕಟ್ಟಿ, ಪಲ್ಲಕ್ಕಿ ಅಂತ ಮುಂದ ಹೋದ್ರು. ಬ್ಯಾರೆ ಕ್ಲಾಸಾಗಿದ್ರ "ಹೊಸದು ಟ್ರೈ ಮಾಡು" ಅಂತಿದ್ರು. ಇಲ್ಲಿ ಅನ್ಲಿಲ್ಲ. ಹದಿನೇಳನೇ ಗೋಪುರದಾಗ ತುದಿ ಕೂಡ್ಲಿಲ್ಲ. ಒಂದು ಎಳಿ ಫರಕ್. ಎಲ್ಲೋ ನಾಕರ ಬದ್ಲಿ ಐದು ಎಳಿ ದಾಟಿದ್ನಿ, ಅಲ್ಲಿಂದ ಮುಂದ ಎಲ್ಲಾ ತಪ್ಪಿತ್ತು. ನನ್ನ ಕೈ ಅಲುಗ್ಯಾಡಾಕ ಚಾಲೂ ಆತು, ನಂಗ ಹಂಗ ಆಗ್ತೈತಿ, ಬೆರಳು ಜಾಡಿಸ್ತೀನಿ, ಅದ್ರಿಂದ ಸಮಾಧಾನ ಆಗ್ತೈತಿ, ನೋಡೋರಿಗೆ ಫಿಟ್ಸ್ ಅನಿಸ್ತೈತಿ. ಬಾಜೂ ಕುಂತ ಕಾಕು ಹೆದರಿ ನೀರ ಕೊಡಾಕ ಬಂದ್ರು. ಇನ್ನೊಬ್ರು "ಹೋಗ್ಲಿ ಬಿಡಪಾ, ಅದು ಯಾರಿಗೆ ಕಾಣತೈತಿ" ಅಂದ್ರು. ಅಕ್ಕೋರು ಅಲ್ಲಿಂದ ತಲಿ ಎತ್ತದನ "ಅಂವಗ ಕಾಣತೈತಲ್ಲವಾ" ಅಂದು, ಬಟ್ಟಿ ಇಸ್ಕೊಂಡು ತಿರುಗಿಸಿ, ಹಿಂದಿನ ಮಗ್ಗಲಿಂದ ಉಗುರಲೆ ಒಂದೊಂದ ಹೊಲಿಗಿ ಸವರಿಕೋತ ಬಂದ್ರು. ಒಂದು ಕಡೆ ಉಗುರು ನಿಂತಿತು. "ಇಲ್ಲೈತಿ." ಮೂರನೇ ಮೆಟ್ಲ. ಮೂರು ತಾಸಿನ ಕೆಲಸ ಬಿಚ್ಚಿದ್ನಿ. ಯಾರೂ ಅಯ್ಯೋ ಪಾಪ ಅನ್ಲಿಲ್ಲ. ನಾ ಈ ಕ್ಲಾಸಿಗೆ ಕೊಡೋ 900 ರೂಪಾಯಿ ಇದಕ್ಕ ಕೊಡ್ತೀನಿ.

ಮಂದಿಗೆ ಒಂದು ತಪ್ಪು ಕಲ್ಪನಾ ಐತಿ, ಆಟಿಸಂ ಅಂದ್ರ ಒಂದರ ಬುದ್ಧಿಮಾಂದ್ಯ, ಇಲ್ಲಂದ್ರ ಜೀನಿಯಸ್. ನಮ್ಮ ಮಾಮಾಗ ನನ್ನ ಬಗ್ಗೆ ಗೊತ್ತಾದ ದಿನದಿಂದ ಒಂದ ವಿಡಿಯೋ ನಾಕು ಸಲ ಫಾರ್ವರ್ಡ್ ಮಾಡ್ಯಾನ. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಅವ್ರದ್ದು. ಆಟಿಸಂ ಇದ್ದ ಕಲಾವಿದರು, ಹೆಲಿಕಾಪ್ಟರಿನಾಗ ಊರ ಮ್ಯಾಲ ಒಂದು ಸುತ್ತು ಹಾಕಿ ಬಂದು ಬರೇ ನೆನಪಿನ ಮ್ಯಾಲ ಕಟ್ಟಡ ಕಟ್ಟಡ ತೆಗೀತಾರ, 2005ರಾಗ ಟೋಕಿಯೋದ್ದು 10 ಮೀಟರ್ ಉದ್ದದ ಚಿತ್ರ ತೆಗದಿದ್ರು. ಭಾರಿ ಮನಷ್ಯಾ, ಅದ್ರಾಗ ಮಾತಿಲ್ಲ. ಖರೆ ಮಾಮಾ ಮದವಿ ಮನ್ಯಾಗ ಹತ್ತು ಮಂದಿ ಮುಂದ "ನೀ ಬೆಳಗಾವಿ ಕ್ವಾಟೆ ತೆಗಿ ನೋಡೂನು" ಅಂದ್ರ ನಾ ಏನ್ ಮಾಡ್ಲಿ? ನಂಗ ನೆನಪಿರೂದು ನಮ್ಮ ಅಂಗಡಿ ಬೋಲ್ಟಿನ ಸೈಜು, ಅದೂ ಬರ್ಕೊಂಡಿರ್ತೀನಿ. ನನ್ನ ಕಸೂತಿ ಏನೂ ಜಗತ್ತಿನಾಗ ಇಲ್ಲದ್ದಲ್ಲ, ಕ್ಲಾಸಿನಾಗ ನನ್ನಕಿಂತ ಚೊಲೋ ಹಾಕೋರು ಮೂರ ಮಂದಿ ಅದಾರ. ಅದ್ರಾಗ ಒಬ್ರು ಕಣ್ಣಿಗೆ ಪೊರೆ ಆಪರೇಷನ್ ಮಾಡಿಸ್ಕೊಂಡ 67ರ ಅಜ್ಜಿ.

ಸದ್ದಿನ ರಿಪೋರ್ಟ್, ಇದು ನನ್ನಂಥೋರಿಗೆ ಭಾಳ ಮುಖ್ಯ, ಯಾವ ರಿವ್ಯೂದಾಗೂ ಇರಂಗಿಲ್ಲ. ನಮ್ಮ ಓಣ್ಯಾಗ ಪವರ್‌ಲೂಮ್ ದಿನಾ ಖಟ್ ಖಟ್ ಖಟ್ ಅಂತಾವ, ಅದು ನಂಗ ಏನೂ ಅಲ್ಲ, ಮುಂದಿನ ಖಟ್ ಯಾವಾಗ ಬರ್ತೈತಿ ಅಂತ ಗೊತ್ತಿರ್ತೈತಿ. ಕರೆಂಟ್ ಹೋಗಿ ಎಲ್ಲಾ ಮಗ್ಗ ಒಮ್ಮೆಲೆ ನಿಂತ್ರ ಆವಾಗ ನಿದ್ದಿಲಿಂದ ಎದ್ದು ಕುಂದರ್ತೀನಿ. ಖರೆ ಮಿಕ್ಸಿ, ಕುಕ್ಕರ್ ಸೀಟಿ, ಹಿಂದಿನಿಂದ ಹೊಡಿಯೋ ಹಾರ್ನ್, ಇವು ಹಲ್ಲಿನ್ಯಾಗ ಸೂಜಿ ಚುಚ್ಚಿದಂಗ. ಕ್ಲಾಸಿನಾಗ ಫ್ಯಾನ್ ಹಳೇದು, ಟಿಕ್ ಟಿಕ್ ಅಂತೈತಿ, ಒಂದ ತಾಳದಾಗ, ನಡೀತೈತಿ. ಟ್ಯೂಬ್‌ಲೈಟ್ ಮಿಣಮಿಣ ಅಂತಿತ್ತು, ನಾ ಅಂಗಡಿಲಿಂದ ಎಲ್‌ಇಡಿ ತಂದು ಹಾಕಿ ಕೊಟ್ಟೆ, ರೊಕ್ಕ ಕೊಟ್ರು. ಕೆಳಗ ಒಂದು ಖಾನಾವಳಿ ಐತಿ, ಐದೂವರಿಗೆ ಉಳ್ಳಾಗಡ್ಡಿ ಒಗ್ಗರಣಿ ವಾಸನಿ ಬರ್ತೈತಿ, ಅದಕ್ಕ ಕಿಡಕಿ ಬಾಜೂ ಕುಂದ್ರಬ್ಯಾಡ್ರಿ. ಹೆಣ್ಮಕ್ಕಳು ಮಾತಾಡ್ತಾರ, ಭಾಳ ಮಾತಾಡ್ತಾರ, ಕನ್ನಡ ಮರಾಠಿ ಎರಡೂ ಕೂಡಿಸಿ, ಎಳಿ ಎಣಿಸುವಾಗ ನಡುವ ಯಾರರ "ಹದಿನೆಂಟು ಸಾವಿರ ಕೊಟ್ಟ" ಅಂದ್ರ ನನ್ನ ಲೆಕ್ಕ ಹೋತು. ಇದಕ್ಕ ನನ್ನ ಉಪಾಯ, ಹಾರ್ಡ್‌ವೇರ್ ಅಂಗಡ್ಯಾಗ ಗ್ರೈಂಡರ್ ಮಶಿನ್ ಹಿಡಿಯೋ ಮಂದಿಗೆ ಕೊಡೋ ಇಯರ್‌ಮಫ್ ಸಿಗ್ತಾವ ನೋಡ್ರಿ, ಹಳದಿ ಬಣ್ಣದ್ದು, ಅದನ್ನ ಹಾಕ್ಕೊಂಡು ಕುಂದರ್ತೀನಿ. ಫಾರಿನ್ ಆಟಿಸಂ ಸಾಮಾನು ಅಂತ ಆನ್‌ಲೈನಿನ್ಯಾಗ ತರಿಸೂದಕ್ಕಿಂತ ಭಾಳ ಸ್ವಸ್ತಾ. ಮೊದ್ಲ ದಿನ ನಕ್ರು. ಗಣಪತಿ ಹಬ್ಬದಾಗ ಡಾಲ್ಬಿ ಸ್ಪೀಕರ್ ಹಚ್ಚಿದಾಗ ಕಾಕು ನನಗ "ಅಂಥಾದ್ದ ನಂಗೊಂದು ತಂದುಕೊಡಪಾ" ಅಂದ್ರು.

ಇನ್ನೊಂದು, ಇದು ಕ್ಲಾಸಿನ ತಪ್ಪಲ್ಲ ನನ್ನ ಮೈಯಿ ತಪ್ಪು, ಎಳಿ ಎಣಿಸಾಕ ಕುಂತ್ರ ನಂಗ ಹಸಿವು, ನೀರಡಿಕಿ, ಬಾತ್‌ರೂಮು ಒಂದೂ ತಿಳಿಯಂಗಿಲ್ಲ. ಮನ್ಯಾಗ ಒಂದು ಸಲ ಮಧ್ಯಾಹ್ನ ಕುಂತವ ರಾತ್ರಿ ಹತ್ತಕ್ಕ ಎದ್ನಿ, ಕಣ್ಣ ಮುಂದ ಕತ್ಲ ಬಂತು, ಅವ್ವ ಸೂಜಿ ಡಬ್ಬಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ಲು. ಈಗ ಮೊಬೈಲಿನ್ಯಾಗ ಪೌಣ ತಾಸಿಗೊಮ್ಮೆ ಅಲಾರಾಂ ಇಟ್ಟೀನಿ, ಸದ್ದಿಲ್ಲದ್ದು, ಬರೇ ನಡಗತೈತಿ.

ಈಗ ಬೈಯೋ ಭಾಗ. ಒಂದು, ಫೋಟೋ. ಕ್ಲಾಸಿನಾಗ ಕಲ್ಯಾಕ ಬರೋ ಒಬ್ರು, ನನ್ನ ಕೇಳದ ನಾ ಇಯರ್‌ಮಫ್ ಹಾಕ್ಕೊಂಡು ಹೊಲಿಯೋ ಫೋಟೋ ತೆಗದು ಸ್ಟೇಟಸ್ ಇಟ್ರು, ಕೆಳಗ "ವಿಶೇಷ ಮಗುವಿನ ಕೈಚಳಕ" ಅಂತ, ಕೈ ಮುಗಿಯೋ ಎಮೋಜಿ ಮೂರು. ಮಗು! ನಾ ಅವ್ರಕಿಂತ ನಾಕು ವರ್ಷ ದೊಡ್ಡಾವ. ಅಕ್ಕೋರಿಗೆ ಹೇಳಿದ್ನಿ, ಅವ್ರು ತೆಗಸಿದ್ರು, ಖರೆ ಅಷ್ಟೊತ್ತಿಗೆ ನಮ್ಮ ಮಾಲಕ್ರ ತನಕ ಹೋಗಿತ್ತು. ಎರಡು, ಏಪ್ರಿಲ್ 2. ಜಾಗತಿಕ ಆಟಿಸಂ ದಿನ, ವಿಶ್ವಸಂಸ್ಥೆಯವ್ರು 2007ರಾಗ ಠರಾವು ಮಾಡಿ 2008ರಿಂದ ನಡೀತೈತಿ. ಆ ದಿನಕ್ಕಂತ ಯಾರೋ ಕಾರ್ಯಕ್ರಮದವ್ರು ಅಕ್ಕೋರ ಮೂಲಕ ನನ್ನ ಕರದ್ರು, ನೀಲಿ ಟೀಶರ್ಟ್ ಹಾಕ್ಕೊಂಡು ಸ್ಟೇಜ್ ಮ್ಯಾಲ ಕುಂತು ಎಲ್ಲಾರ ಮುಂದ ಹತ್ತು ನಿಮಿಷ ಕಸೂತಿ ಹಾಕ್ಬೇಕಂತ. ಸ್ಪೀಕರ್ ಇರ್ತೈತೇನು ಅಂತ ಕೇಳಿದ್ನಿ. ಇರ್ತೈತಿ, ಡೊಳ್ಳೂ ಐತಿ ಅಂದ್ರು. ಆಟಿಸಂ ಇದ್ದವ್ರ ಕಾರ್ಯಕ್ರಮಕ್ಕ ಡೊಳ್ಳು. ಹೋಗ್ಲಿಲ್ಲ. ಅಕ್ಕೋರು ಮೊದ್ಲ ನನ್ನ ಕೇಳಿ ಆಮ್ಯಾಲ ಹ್ಞೂಂ ಅನ್ನಬೇಕಿತ್ತು, ಇದನ್ನ ಅವ್ರ ಮುಂದೂ ಹೇಳೀನಿ. ಮೂರು, ಗಂಡಸರಿಗೆ ಅಂತ ಕುರ್ಚಿ ಒಂದ ಐತಿ, ಅದು ಅಲುಗ್ಯಾಡ್ತೈತಿ, ಕಾಲಿಗೆ ನಾನ ಒಂದು ವಾಶರ್ ಹಾಕಿದ್ನಿ. ಗಂಡಸು ಅಂದ್ರ ನಾ ಒಬ್ಬನ ಇರೂದು. "ಗಂಡ್ಸು ಕಸೂತಿ ಹಾಕ್ತಾನ?" ಅಂತ ಕೇಳೋರು ಮಗ್ಗ ನಡಸೋ ಗಂಡಸರ ಊರಾಗ ಕುಂತು ಕೇಳ್ತಾರ.

ನಾಕನೇ ತಿಂಗಳಿಗೆ ಗೋಪುರ ಸಾಕಾತು. ಯಾರೂ ಹೇಳ್ಲಿಲ್ಲ, ನಂಗ ಸಾಕಾತು. ಅಕ್ಕೋರು ಪುಸ್ತಕ ಕೊಟ್ರು, ನೂರಾರು ನಮೂನಿ, ಒಂದೂ ಬ್ಯಾಡ ಅನಿಸ್ತು. "ಹಂಗಾದ್ರ ನೀ ದಿನಾ ಏನ್ ನೋಡ್ತಿ ಅದನ್ನ ಹಾಕು, ನಮ್ಮ ಹಿರ್ಯಾರೂ ಗುಡಿ ತೇರು ದಿನಾ ನೋಡ್ತಿದ್ರು ಅದನ್ನ ಹಾಕಿದ್ರು" ಅಂದ್ರು. ನಾ ಚೌಕಡಿ ಹಾಳಿ ತಗೊಂಡು ಎರಡನೇ ಗೇಟ್ ತೆಗದ್ನಿ. ಬೆಳಗಾವ್ಯಾಗ ಇರೋರಿಗೆ ಗೊತ್ತೈತಿ, ಟಿಳಕವಾಡಿ ರೈಲ್ವೆ ಗೇಟು, ಕ್ಲಾಸಿಗೆ ಹೋಗುವಾಗ ದಾಟಬೇಕು. ಎಲ್ಲಾರೂ ಗೇಟ್ ಬಿದ್ರ ಬೈತಾರ. ನಂಗ ಗೇಟ್ ಬಿದ್ರ ಖುಷಿ. ಯಾಕಂದ್ರ ಉಳಿದ ಎಲ್ಲಾ ಕಡೆ ನಾ ಸುಮ್ನ ನಿಂತ್ರ ಯಾಕ ನಿಂತಿ, ಏನ್ ಬೇಕು, ಆರಾಮ ಇಲ್ಲೇನು ಅಂತ ಕೇಳ್ತಾರ. ಗೇಟ್ ಬಿದ್ದಾಗ ಯಾರೂ ಕೇಳಂಗಿಲ್ಲ, ಎಲ್ಲಾರೂ ಸುಮ್ನ ನಿಂತಿರ್ತಾರ, ಎಲ್ಲಾರೂ ಒಂದ ಕಡೆ ನೋಡ್ತಾರ, ಮುಂದ ಏನ್ ಬರ್ತೈತಿ ಅಂತ ಎಲ್ಲಾರಿಗೂ ಗೊತ್ತಿರ್ತೈತಿ. ಇದನ್ನ ನಾ ಬಾಯಿಲೆ ಯಾರಿಗೂ ಹೇಳಿದ್ದಿಲ್ಲ, ಹೇಳಾಕ ಬರ್ತಿದ್ದಿಲ್ಲ. ಗವಂತ್ಯಾಗ ಸೊಟ್ಟ ಗೆರಿ ಇಲ್ಲ, ನೆಟ್ಟಗ, ಅಡ್ಡ, ಮೂಲಿ ಇಷ್ಟ, ಹಂಗಾಗಿ ಅರ್ಧ ಬಿದ್ದ ಗೇಟಿನ ಕಂಬ ಮೂಲಿ ಗೆರ್ಯಾಗ ಚೊಲೋ ಕುಂತಿತು, ಸ್ಕೂಟರ್ ಗಾಲಿ ಎಂಟು ಮೂಲಿ ಆದ್ವು. ಮಂದಿ ಎರಡೂ ಕಡೆ ನಿಂತಾರ, ಬಟ್ಟಿ ತಿರುಗಿಸಿದ್ರ ಆ ಕಡ್ಯಾವ್ರು ಈ ಕಡೆ ಬರ್ತಾರ, ಗೇಟ್ ಅಲ್ಲೇ ಇರ್ತೈತಿ. ಅವ್ವಗ ತೋರಿಸಿದ್ನಿ. ಭಾಳ ಹೊತ್ತು ನೋಡಿ "ಇದ್ರಾಗ ನೀ ಯಾರು?" ಅಂದ್ಲು. ಎಡಗಡೆಯಿಂದ ಮೂರನೇದವ, ಹಳದಿ ಇಯರ್‌ಮಫ್ ಇದ್ದವ. ಅದೊಂದ ಜಾಗದಾಗ ಮೆಂತಿ ಹಾಕೀನಿ.

ರೈಲು ಇನ್ನೂ ಹಾಕಿಲ್ಲ. ಅದಕ್ಕ ಎಷ್ಟು ಡಬ್ಬಿ ಅಂತ ಠರಾವು ಆಗಿಲ್ಲ, ಬಟ್ಟಿ ಉಳಿದಿದ್ದು 212 ಎಳಿ.

ಯಾರು ಹೋಗ್ಬೇಕು: ಲಗೂ ಕಲ್ತು ರೊಕ್ಕ ಮಾಡ್ಬೇಕು ಅನ್ನೋರು ಬ್ಯಾಡ, ಅಕ್ಕೋರು ಆರ್ಡರ್ ಕೊಡಸಂಗಿಲ್ಲ, ಸರ್ಟಿಫಿಕೇಟೂ ಇಲ್ಲ. ಮಕ್ಕಳಿಗೆ ಕೈ ಕೆಲಸ ಕಲಿಸಿದ್ರ ಆಟಿಸಂ ಕಡಿಮಿ ಆಗ್ತೈತಿ ಅಂತ ಯಾರರ ಹೇಳಿ ನಿಮ್ಮನ್ನ ಕಳಿಸಿದ್ರೂ ಬ್ಯಾಡ, ಇದು ಔಷಧ ಅಲ್ಲ, ನನ್ನ ಆಟಿಸಂ ಹದಿನಾರೂ ಮೆಟ್ಲ ನನ್ನ ಜೋಡಿನ ಹತ್ತಿ ನನ್ನ ಜೋಡಿನ ಇಳಿತೈತಿ. ಒಂದ ಕೆಲಸ ನೂರು ಸಲ ಮಾಡಿದ್ರೂ ಬ್ಯಾಸರ ಆಗದವ್ರು ಹೋಗ್ರಿ. ಕರೇ ಬಟ್ಟಿ ಮ್ಯಾಲ ಹಾಕ್ತೀನಿ, ಚಂದ್ರಕಾಳಿ ಸೀರಿ ಮಾಡ್ತೀನಿ ಅಂತ ಮೊದ್ಲ ತಿಂಗಳ ಹಟ ಮಾಡಬ್ಯಾಡ್ರಿ, ಕರೇದ್ರಾಗ ಎಳಿ ಕಾಣಂಗಿಲ್ಲ, ಕಣ್ಣು ಹೋಗ್ತಾವ.

ಐದರಾಗ ನಾಕು ಸ್ಟಾರ್. ಒಂದು ಕಡಿದಿದ್ದು ಫೋಟೋಕ್ಕಲ್ಲ, ಡೊಳ್ಳಿಗೂ ಅಲ್ಲ, ಡೋರ್‌ಬೆಲ್ಲಿಗೆ. ಗುಬ್ಬಿ ಕೂಗೋ ಬೆಲ್ಲು, ಯಾವಾಗ ಬಡೀತೈತಿ ಗೊತ್ತಾಗಂಗಿಲ್ಲ, ಪ್ರತಿ ಸಲ ಸೂಜಿ ಬೆರಳಿಗೆ ಹೋಗ್ತೈತಿ. ಮೂರು ಸಲ ಹೇಳೀನಿ. ಅದು ಅವ್ರ ಯಜಮಾನ್ರು ತಂದಿದ್ದಂತ, ಅವ್ರಿಗೆ ಭಾಳ ಪ್ರೀತಿ ಅಂತ. ನಮ್ಮ ಅಂಗಡ್ಯಾಗ ಟಿಂಗ್ ಟಾಂಗ್ ಅನ್ನೋ ಸಾದಾ ಬೆಲ್ ಐತಿ, ಫಿಟಿಂಗ್ ನಾನ ಪುಕ್ಕಟ ಮಾಡಿಕೊಡ್ತೀನಿ ಅಂತ ಹೋದ ರವಿವಾರ ಯಜಮಾನ್ರಿಗೇ ಹೇಳಿ ಬಂದೀನಿ, ನೋಡೂಣು ಅಂದಾರ. ಬದ್ಲಿಸಿದ್ರ ಇಲ್ಲೇ ಎಡಿಟ್ ಮಾಡಿ ಐದು ಮಾಡ್ತೀನಿ.